ಮೊದಲು ಎಲ್ಲಿ, ಆಮೇಲೆ ಏನು

ಮೊಣಕಾಲಿನ ಹೊರಮಗ್ಗುಲಲ್ಲಿ, ಕೀಲಿನಿಂದ ತುಸು ಕೆಳಗೆ ಕೈಯಿಟ್ಟು ನೋಡಿದರೆ ಗಟ್ಟಿ ಉಬ್ಬೊಂದು ಬೆರಳಿಗೆ ಸಿಗುತ್ತದೆ. ಅದು ಫಿಬುಲಾ ಎಂಬ ಮೂಳೆಯ ತಲೆ. ಮೊಣಕಾಲಿನ ಕೆಳಗೆ ನಮಗೆ ಎರಡು ಮೂಳೆಗಳಿವೆ. ಮೈಭಾರ ಹೊರುವ ದಪ್ಪ ಮೂಳೆ ಟಿಬಿಯಾ, ಅದರ ಹೊರಬದಿಗೆ ನಿಂತಿರುವ ಸಪೂರ ಮೂಳೆ ಫಿಬುಲಾ. ತಲೆಯ ಕೆಳಗೆ ಫಿಬುಲಾ ಸಣ್ಣದಾಗುವ ಜಾಗಕ್ಕೆ ಅದರ ಕತ್ತು ಎಂದೇ ಹೆಸರು. ಆ ಕತ್ತನ್ನು ಬಳಸಿಕೊಂಡು, ಚರ್ಮದ ಅಡಿಯಲ್ಲೇ, ಒಂದು ನರ ಹಿಂದಿನಿಂದ ಮುಂದಕ್ಕೆ ಸುತ್ತಿ ಹೋಗುತ್ತದೆ. ಅದು ಕಾಮನ್ ಪೆರೋನಿಯಲ್ ನರ. ಪಾದವನ್ನು ಮೇಲಕ್ಕೆತ್ತುವ, ಹೊರಮುಖವಾಗಿ ತಿರುಗಿಸುವ ಸ್ನಾಯುಗಳಿಗೆ ಅಪ್ಪಣೆ ಹೋಗುವುದು ಇದರ ಮೂಲಕ. ಪಾದದ ಮೇಲ್ಭಾಗದ ಸ್ಪರ್ಶದ ಸುದ್ದಿ ಮಿದುಳಿಗೆ ಬರುವುದೂ ಇದರ ಮೂಲಕವೇ.

ನರದ ಒಂದು ಪಕ್ಕಕ್ಕೆ ಮೂಳೆ, ಇನ್ನೊಂದು ಪಕ್ಕಕ್ಕೆ ಬರೀ ಚರ್ಮ. ತಪ್ಪಿಸಿಕೊಳ್ಳಲು ಜಾಗವಿಲ್ಲ. ಹಾಗಾಗಿ ಫಿಬುಲಾದ ಕತ್ತಿನೊಳಗೆ ಗಡ್ಡೆ ಬೆಳೆಯತೊಡಗಿದರೆ ಮೂಳೆ ನೋಯುವ ಮುಂಚೆಯೇ ನರ ಸೋಲಬಹುದು. ಕಾಲು ಜೋಮು ಹಿಡಿಯುತ್ತದೆ, ಪಾದ ಜೋತು ಬೀಳುತ್ತದೆ. ಮನೆಯವರು ‘ನರ ಹಿಡಿದುಕೊಂಡಿದೆ’ ಎಂದುಕೊಂಡು ಎಣ್ಣೆ ನೀವುತ್ತಾರೆ. ಕಾಯಿಲೆ ಇರುವುದು ಮೂಳೆಯಲ್ಲಿ, ಲಕ್ಷಣ ತೋರುವುದು ನರದಲ್ಲಿ. ಇವೆರಡರ ನಡುವಿನ ಗಂಟನ್ನು ಬಿಡಿಸಲು ವೈದ್ಯಕೀಯ ಒಂದು ಕ್ರಮವನ್ನು ರೂಢಿಸಿಕೊಂಡಿದೆ: ತೊಂದರೆ ಎಲ್ಲಿದೆ ಎಂಬುದು ಗೊತ್ತಾಗುವವರೆಗೆ ಅದು ಏನೆಂದು ಹೇಳಬಾರದು. ಈ ಕ್ರಮ ಹೆಜ್ಜೆಹೆಜ್ಜೆಯಾಗಿ ಹೇಗೆ ಸಾಗುತ್ತದೆ ಎಂಬುದನ್ನು ಯೂಯಿಂಗ್ ಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್‌ನ ಉದಾಹರಣೆಯೊಂದಿಗೆ ನೋಡಬಹುದು. ಇದು ಅಪರೂಪದ ರೋಗ. ಆದರೂ ಮಕ್ಕಳು ಮತ್ತು ಹದಿಹರೆಯದವರ ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಆಸ್ಟಿಯೊಸಾರ್ಕೋಮಾ ಬಿಟ್ಟರೆ ಹೆಚ್ಚಾಗಿ ಕಾಣುವುದು ಇದೇ. ಹೆಚ್ಚಿನ ರೋಗಿಗಳ ವಯಸ್ಸು 10ರಿಂದ 20ರ ಆಸುಪಾಸು.

ಕೇಳುವುದು

15 ವರ್ಷದ ಹುಡುಗನೊಬ್ಬನನ್ನು ಊಹಿಸಿಕೊಳ್ಳೋಣ. ನಡೆಯುವಾಗ ಬಲಗಾಲಿನ ಚಪ್ಪಲಿ ಕಳಚಿಕೊಳ್ಳುತ್ತದೆ, ಕಳಚಿದ್ದು ಅವನಿಗೆ ಗೊತ್ತೇ ಆಗುವುದಿಲ್ಲ. ಹೊಸ್ತಿಲು ದಾಟುವಾಗ ಹೆಬ್ಬೆರಳು ತಗಲುತ್ತದೆ. ಚಪ್ಪಲಿ ಕಳಚುವ ಈ ಒಂದು ಮಾತು ನರರೋಗ ತಜ್ಞರಿಗೆ ಬಹಳಷ್ಟು ಹೇಳುತ್ತದೆ. ಚಪ್ಪಲಿ ಕಾಲಲ್ಲಿ ನಿಲ್ಲಬೇಕಾದರೆ ಬೆರಳುಗಳು ಹಿಡಿತ ಕೊಡಬೇಕು, ಪಾದ ಸ್ವಲ್ಪ ಮೇಲೇಳಬೇಕು. ಕಳಚಿದ್ದು ಗೊತ್ತಾಗಬೇಕಾದರೆ ಸ್ಪರ್ಶ ನೆಟ್ಟಗಿರಬೇಕು. ಅಂದರೆ ಶಕ್ತಿ, ಸ್ಪರ್ಶ ಎರಡೂ ಕುಂದಿವೆ ಎಂಬುದು ಪರೀಕ್ಷೆಗೆ ಮೊದಲೇ ತಿಳಿಯಿತು.

ಮುಂದಿನ ಪ್ರಶ್ನೆಗಳು ಒಂದೊಂದಾಗಿ ಬರುತ್ತವೆ. ಯಾವಾಗಿನಿಂದ? ಒಮ್ಮೆಲೇ ಆಯಿತೋ, ನಿಧಾನವಾಗಿ ಹೆಚ್ಚಿತೋ? ಬಿದ್ದು ಪೆಟ್ಟಾಗಿತ್ತೇ? ಮಕ್ಕಳು ಆಡುತ್ತಾ ಬೀಳುವುದು ಇದ್ದದ್ದೇ, ಹಾಗಾಗಿ ಈ ಪ್ರಶ್ನೆಗೆ ಬಹುತೇಕ ಯಾವಾಗಲೂ ‘ಹೌದು’ ಎಂಬ ಉತ್ತರವೇ ಬರುತ್ತದೆ. ಅನುಭವಿ ವೈದ್ಯರು ಅದನ್ನು ಬರೆದುಕೊಳ್ಳುತ್ತಾರೆ, ಅಲ್ಲಿಗೇ ನಿಲ್ಲುವುದಿಲ್ಲ. ನೋವು ಇದೆಯೇ? ಕೆಲಸ ಮಾಡಿದಾಗ ಹೆಚ್ಚೋ, ಮಲಗಿದಾಗ ಹೆಚ್ಚೋ? ಈ ಪ್ರಶ್ನೆಗೆ ಬೆಲೆ ಹೆಚ್ಚು. ಉಳುಕಿದ ಕಾಲು ವಿಶ್ರಾಂತಿ ಕೊಟ್ಟರೆ ಸುಧಾರಿಸುತ್ತದೆ. ಮೂಳೆಯೊಳಗೆ ಬೆಳೆಯುತ್ತಿರುವ ಗಡ್ಡೆಯ ನೋವಿಗೆ ವಿಶ್ರಾಂತಿ ಮದ್ದಲ್ಲ, ಅದು ರಾತ್ರಿ ನಿದ್ದೆ ಕೆಡಿಸುತ್ತದೆ, ವಾರದಿಂದ ವಾರಕ್ಕೆ ಏರುತ್ತದೆ. ಜ್ವರ ಬಂದು ಹೋಗುತ್ತಿದೆಯೇ, ತೂಕ ಇಳಿದಿದೆಯೇ ಎಂಬುದನ್ನೂ ಕೇಳುತ್ತಾರೆ.

ಪಾದ ಜೋತುಬೀಳುವುದಕ್ಕೆ ಕ್ಯಾನ್ಸರ್ ತೀರಾ ವಿರಳ ಕಾರಣ. ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುವವರಲ್ಲಿ, ಕಾಲ ಮೇಲೆ ಕಾಲು ಹಾಕಿ ಕೂರುವ ಅಭ್ಯಾಸದವರಲ್ಲಿ, ಬಿಗಿಯಾಗಿ ಹಿಟ್ಟಿನ ಕಟ್ಟು ಹಾಕಿಸಿಕೊಂಡವರಲ್ಲಿ ಈ ನರ ಒತ್ತಿಹೋಗುತ್ತದೆ. ನಮ್ಮ ದೇಶದಲ್ಲಿ ಕುಷ್ಠರೋಗವೂ ಇದೇ ನರವನ್ನು ಇದೇ ಜಾಗದಲ್ಲಿ ಹಿಡಿಯುತ್ತದೆ. ಬೆನ್ನಿನ ಡಿಸ್ಕ್ ಜರುಗಿ ನರದ ಬೇರನ್ನು ಒತ್ತಿದರೂ ಪಾದ ಜೋತುಬೀಳಬಹುದು. ಈ ಎಲ್ಲವುಗಳ ನಡುವೆ ದಾರಿ ಹುಡುಕಬೇಕು, ಅದೂ ದುಬಾರಿ ಯಂತ್ರಗಳ ಕಡೆಗೆ ಕೈ ಚಾಚುವ ಮುಂಚೆ.

ನೋಡುವುದು, ಮುಟ್ಟುವುದು

ವೈದ್ಯರು ಮೊದಲು ಹುಡುಗನನ್ನು ನಡೆಸುತ್ತಾರೆ. ಜೋತ ಪಾದ ನೆಲಕ್ಕೆ ತಗಲದಿರಲೆಂದು ಅವನು ಮೊಣಕಾಲನ್ನು ಬೇಕಾದ್ದಕ್ಕಿಂತ ಎತ್ತರಕ್ಕೆ ಎತ್ತುತ್ತಾನೆ. ಪಾದ ಇಳಿದಾಗ ಬೆರಳ ಕಡೆ ಮೊದಲು ತಾಗಿ ‘ಟಪ್’ ಎಂಬ ಸದ್ದಾಗುತ್ತದೆ. ಹಿಮ್ಮಡಿಯ ಮೇಲೆ ನಡೆ ಎಂದರೆ ಬಲಗಾಲು ಸೋಲುತ್ತದೆ. ತುದಿಗಾಲಲ್ಲಿ ನಡೆ ಎಂದರೆ ಸಲೀಸಾಗಿ ನಡೆಯುತ್ತಾನೆ. ಅಂದರೆ ಪಾದವನ್ನು ಎತ್ತುವ ಸ್ನಾಯುಗಳು ಸೋತಿವೆ, ಕೆಳಕ್ಕೆ ಒತ್ತುವ ಮೀನಖಂಡದ ಸ್ನಾಯುಗಳು ಗಟ್ಟಿಯಾಗಿವೆ.

ಈಗ ಇಡೀ ಪರೀಕ್ಷೆಯ ಸೊಗಸಾದ ಭಾಗ ಬರುತ್ತದೆ. ಪಾದ ಎತ್ತುವ ಅಪ್ಪಣೆ ಸೊಂಟದಲ್ಲಿ ಎಲ್5 ಎಂಬ ನರಬೇರಿನಿಂದ ಹೊರಟು, ತೊಡೆಯ ಹಿಂಭಾಗದಲ್ಲಿ ಸಯಾಟಿಕ್ ನರದೊಳಗೆ ಇಳಿದು, ಮೊಣಕಾಲಿನ ಹತ್ತಿರ ಪೆರೋನಿಯಲ್ ನರಕ್ಕೆ ಸೇರಿ ಪಾದದ ಕಡೆಗೆ ಹೋಗುತ್ತದೆ. ದಾರಿಯಲ್ಲಿ ಎಲ್ಲಿ ತಡೆಯಾದರೂ ಪಾದ ಜೋತುಬೀಳುವುದು ಒಂದೇ ರೀತಿ. ತಡೆ ಸೊಂಟದಲ್ಲಿದೆಯೋ ಮೊಣಕಾಲಲ್ಲಿದೆಯೋ ಎಂದು ಹೇಳುವುದು ಹೇಗೆ?

ಉತ್ತರ ಇರುವುದು ಬೇರೊಂದು ಸ್ನಾಯುವಿನಲ್ಲಿ. ಪಾದವನ್ನು ಒಳಮುಖವಾಗಿ ತಿರುಗಿಸುವ ಟಿಬಿಯಾಲಿಸ್ ಪೋಸ್ಟೀರಿಯರ್ ಎಂಬ ಸ್ನಾಯುವಿಗೂ ಅಪ್ಪಣೆ ಹೊರಡುವುದು ಬಹುಪಾಲು ಎಲ್5 ಬೇರಿನಿಂದಲೇ. ಆದರೆ ಅದು ಬರುವುದು ಟಿಬಿಯಲ್ ಎಂಬ ಬೇರೆ ನರದ ಮೂಲಕ, ಫಿಬುಲಾದ ಕತ್ತನ್ನು ಸುತ್ತುವುದೇ ಇಲ್ಲ. ಬೇರಿನಲ್ಲೇ ತೊಂದರೆಯಿದ್ದರೆ ಈ ಸ್ನಾಯುವೂ ಸೋಲಬೇಕು. ತೊಂದರೆ ಮೊಣಕಾಲಿನ ಹತ್ತಿರವಿದ್ದರೆ ಇದು ಗಟ್ಟಿಯಾಗಿರಬೇಕು. ವೈದ್ಯರು ಪಾದಕ್ಕೆ ಒಂದು ಕೈಯ ಆಸರೆ ಕೊಟ್ಟು, ಇನ್ನೊಂದು ಕೈಯನ್ನು ಒಳಬದಿಗೆ ಅಡ್ಡ ಹಿಡಿದು, ‘ನನ್ನ ಕೈ ತಳ್ಳು ನೋಡೋಣ’ ಎನ್ನುತ್ತಾರೆ. ಹುಡುಗ ಬಲವಾಗಿ ತಳ್ಳುತ್ತಾನೆ. ನಂತರ ಪಕ್ಕಕ್ಕೆ ಮಲಗಿಸಿ ಇಡೀ ಕಾಲನ್ನು ಮೇಲಕ್ಕೆತ್ತಿಸುತ್ತಾರೆ. ಹಾಗೆ ಕಾಲೆತ್ತುವ ಸೊಂಟದ ಪಕ್ಕದ ಸ್ನಾಯುವಿಗೂ ಎಲ್5 ಬೇರೇ ಆಧಾರ, ಅದಕ್ಕೂ ಹೋಗುವುದು ಬೇರೆ ನರ. ಅದೂ ಗಟ್ಟಿಯಾಗಿದೆ. ಅಲ್ಲಿಗೆ ಸೊಂಟದ ಮೇಲಿನ ಅನುಮಾನ ಬಹುಮಟ್ಟಿಗೆ ಕಳೆಯಿತು. ಎರಡು ಕೈ, ಒಂದು ಮಂಚ ಬಿಟ್ಟರೆ ಬೇರೇನೂ ಬೇಕಾಗಲಿಲ್ಲ.

ಸ್ನಾಯುವಿನ ಬಲವನ್ನು 0ಯಿಂದ 5ರವರೆಗಿನ ಅಂಕದಲ್ಲಿ ಬರೆಯುತ್ತಾರೆ. ಅಲುಗಾಟವೇ ಇಲ್ಲದಿದ್ದರೆ 0, ನೆಲದ ಸೆಳೆತಕ್ಕೆ ಎದುರಾಗಿ ಎತ್ತಬಲ್ಲನಾದರೆ 3, ಪೂರ್ತಿ ಬಲ ಇದ್ದರೆ 5. ಇಂದು 2 ಎಂದು ಬರೆದದ್ದು ತಿಂಗಳ ನಂತರ ಬೇರೊಬ್ಬ ವೈದ್ಯರಿಗೂ ಅದೇ ಅರ್ಥ ಕೊಡುತ್ತದೆ.

ಆಮೇಲೆ ಸ್ಪರ್ಶ. ‘ಕಣ್ಣು ಮುಚ್ಚಪ್ಪ. ಚುಚ್ಚಿದ್ರೆ ಚುಚ್ತು ಅನ್ನು, ಸವರಿದ್ರೆ ಸವರ್ತು ಅನ್ನು.’ ಒಂದು ಪಿನ್ನು, ಒಂದು ಎಳೆ ಹತ್ತಿ. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳು ಮತ್ತು ಎರಡನೇ ಬೆರಳಿನ ನಡುವೆ ಹುಡುಗ ಸುಮ್ಮನಿರುತ್ತಾನೆ. ಪಾದದ ಅಡಿಯಲ್ಲಿ ಥಟ್ಟನೆ ಉತ್ತರ ಬರುತ್ತದೆ. ಮಂಕಾದ ಜಾಗದ ಅಂಚನ್ನು ಪೆನ್ನಿನಿಂದ ಗುರುತಿಸಿದರೆ ಚರ್ಮದ ಮೇಲೆ ಒಂದು ನಕ್ಷೆ ಮೂಡುತ್ತದೆ. ಅದು ಪೆರೋನಿಯಲ್ ನರದ ನಕ್ಷೆಗೆ ಹೊಂದುತ್ತದೆ.

ಕೊನೆಗೆ ಬೆರಳು ಫಿಬುಲಾದ ಕತ್ತಿಗೆ ಬರುತ್ತದೆ. ಕುಷ್ಠದಲ್ಲಿ ಈ ನರ ದಪ್ಪಗಾಗುವುದರಿಂದ ಭಾರತದ ವೈದ್ಯ ವಿದ್ಯಾರ್ಥಿಗಳು ಇದನ್ನು ಮೂಳೆಯ ಮೇಲೆ ಹೊರಳಿಸಿ ನೋಡುವುದನ್ನು ಓದಿನ ಆರಂಭದಲ್ಲೇ ಕಲಿಯುತ್ತಾರೆ. ಎರಡೂ ಕಾಲುಗಳನ್ನು ಒಟ್ಟಿಗೆ ಮುಟ್ಟಿ ಹೋಲಿಸಬೇಕು. ಈ ಹುಡುಗನ ಎಡಗಾಲಿನಲ್ಲಿ ನರ ಬೆರಳಡಿ ಜಾರುತ್ತದೆ. ಬಲಗಾಲಿನಲ್ಲಿ ನರ ಸಿಗುವುದೇ ಇಲ್ಲ, ಅದರ ಜಾಗದಲ್ಲಿ ಮೂಳೆಗೆ ಅಂಟಿಕೊಂಡ, ಅಲುಗದ, ಸ್ವಲ್ಪ ಬಿಸಿಯಾದ ಊತವಿದೆ. ಅದರ ಮೇಲೆ ಮೆಲ್ಲಗೆ ತಟ್ಟಿದರೆ ಪಾದದವರೆಗೆ ಜುಮ್ಮೆನ್ನುತ್ತದೆ. ‘ಎಲ್ಲಿ’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು.

ಎಲ್ಲ ಗಡ್ಡೆಗಳೂ ಹೀಗೆ ಬೆರಳಿಗೆ ಸಿಗುವುದಿಲ್ಲ. ಇದೇ ಯೂಯಿಂಗ್ ಸಾರ್ಕೋಮಾ ಬೆನ್ನಿನ ಕೊನೆಯ ತ್ರಿಕಾಸ್ಥಿಯಲ್ಲೋ ಸೊಂಟದ ಮೂಳೆಯಲ್ಲೋ ಹುಟ್ಟಿದರೆ ಸಯಾಟಿಕಾದಂತೆ ಪೃಷ್ಠದಿಂದ ಕಾಲಿಗೆ ಇಳಿಯುವ ಸೆಳೆತವಾಗಿ ಕಾಣಿಸುತ್ತದೆ. ಡಿಸ್ಕ್ ಎಂಬ ಹಣೆಪಟ್ಟಿ ಬೀಳುವುದು ಸುಲಭ. ಎಕ್ಸ್‌ರೇಯಲ್ಲಿ ಕರುಳಿನ ಗಾಳಿಯ ನೆರಳು ತ್ರಿಕಾಸ್ಥಿಯನ್ನು ಮುಚ್ಚುತ್ತದೆ. ಸೊಂಟಕ್ಕೆಂದು ತೆಗೆದ ಎಂಆರ್‌ಐ ಚಿತ್ರದ ಚೌಕಟ್ಟು ಹಲವೊಮ್ಮೆ ತ್ರಿಕಾಸ್ಥಿಯ ಮೇಲ್ಭಾಗಕ್ಕೇ ಮುಗಿದುಬಿಡುತ್ತದೆ. ಅಂಥಲ್ಲಿ ದಾರಿ ತೋರುವುದು ಹೊಂದದ ಒಂದೊಂದು ವಿವರ: ಡಿಸ್ಕ್ ಜರುಗುವ ವಯಸ್ಸಲ್ಲ, ಮಲಗಿದರೆ ನೋವು ಹೆಚ್ಚು, ಮೂತ್ರದ ಹಿಡಿತ ಬದಲಾಗಿದೆ, ಕೂರುವ ಜಾಗದ ಚರ್ಮ ಮಂಕಾಗಿದೆ. ಇವುಗಳಲ್ಲಿ ಒಂದು ಸಿಕ್ಕರೂ ಚೌಕಟ್ಟನ್ನು ಕೆಳಕ್ಕೆ ಇಳಿಸಿ ಮತ್ತೆ ಚಿತ್ರ ತೆಗೆಸಬೇಕಾಗುತ್ತದೆ.

ನರದ ವೇಗ ಅಳೆಯುವುದು

ಕೈ ಹೇಳಿದ್ದನ್ನು ಅಂಕಿಯಲ್ಲಿ ಕಾಣಿಸುವ ಪರೀಕ್ಷೆ ನರವಾಹಕತೆಯ ಪರೀಕ್ಷೆ. ಪಾದದ ಮೇಲಿನ ಒಂದು ಪುಟ್ಟ ಸ್ನಾಯುವಿಗೆ ತಟ್ಟೆಯಾಕಾರದ ಎಲೆಕ್ಟ್ರೋಡ್ ಅಂಟಿಸುತ್ತಾರೆ. ನರದ ಮೇಲೆ ಮೂರು ಕಡೆ ಸಣ್ಣ ವಿದ್ಯುತ್ ತಟ್ಟು ಕೊಡುತ್ತಾರೆ: ಕಣಕಾಲಿನ ಗಂಟಿನ ಬಳಿ, ಫಿಬುಲಾದ ಕತ್ತಿನ ಕೆಳಗೆ, ಮತ್ತು ಕತ್ತಿನ ಮೇಲೆ. ಪ್ರತಿ ತಟ್ಟಿಗೂ ಸ್ನಾಯು ಮಿಡಿಯುತ್ತದೆ, ಪರದೆಯ ಮೇಲೆ ಒಂದು ಅಲೆ ಏಳುತ್ತದೆ. ತಟ್ಟಿದ ಜಾಗಗಳ ನಡುವಿನ ದೂರವನ್ನು ಟೇಪಿನಿಂದ ಅಳೆದು, ಅಲೆ ಏಳಲು ಹಿಡಿದ ಹೆಚ್ಚುವರಿ ಮಿಲಿಸೆಕೆಂಡುಗಳಿಂದ ಭಾಗಿಸಿದರೆ ವೇಗ ಸಿಗುತ್ತದೆ. ಆರೋಗ್ಯವಂತ ಕಾಲಿನ ನರದಲ್ಲಿ ಸಂದೇಶ ಸೆಕೆಂಡಿಗೆ 40 ಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡುತ್ತದೆ. ನಮ್ಮ ಹುಡುಗನಲ್ಲಿ ಕತ್ತಿನ ಕೆಳಗಿನ ಓಟ ಸರಿಯಾಗಿದ್ದು, ಕತ್ತನ್ನು ದಾಟುವ ಕೆಲವೇ ಸೆಂಟಿಮೀಟರುಗಳಲ್ಲಿ ವೇಗ ಕುಸಿಯುತ್ತದೆ, ಅಲೆಯ ಎತ್ತರವೂ ತಗ್ಗುತ್ತದೆ. ಬೆರಳು ತೋರಿಸಿದ್ದ ಜಾಗ ಇದೇ. ಕಾಲು ತಣ್ಣಗಿದ್ದರೆ ನರದ ವೇಗ ತಾನಾಗಿ ಇಳಿಯುವುದರಿಂದ, ಪರೀಕ್ಷಿಸುವವರು ಮೊದಲು ಪಾದವನ್ನು ಮುಟ್ಟಿ ನೋಡಿ, ಬೇಕಾದರೆ ಬೆಚ್ಚಗೆ ಮಾಡಿಕೊಳ್ಳುತ್ತಾರೆ.

ನೆರಳನ್ನು ಓದುವುದು

ಈಗ ಎಕ್ಸ್‌ರೇ. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಕನಿಷ್ಠ ಎರಡು ಚಿತ್ರ. ಮೊಣಕಾಲಿನ ಚಿತ್ರ ನೋಡುವವರ ಕಣ್ಣು ತಾನಾಗಿ ಕೀಲಿನ ಕಡೆ ಹೋಗುತ್ತದೆ. ಫಿಬುಲಾ ಇರುವುದು ಮೂಲೆಯಲ್ಲಿ. ಹಾಗಾಗಿ ರೇಡಿಯಾಲಜಿಸ್ಟ್ ಅಂದರೆ ಚಿತ್ರ ಓದುವ ವೈದ್ಯರು ಕಣ್ಣನ್ನು ಒಂದು ಶಿಸ್ತಿನ ದಾರಿಯಲ್ಲಿ ನಡೆಸುತ್ತಾರೆ: ಪ್ರತಿ ಮೂಳೆಯ ಹೊರಗೆರೆಯನ್ನು ಸುತ್ತು ಹಾಕಿ, ನಂತರ ಒಳಗೆ, ಕೊನೆಗೆ ಸುತ್ತಲಿನ ಮಾಂಸದ ನೆರಳು.

ಅವರು ಹುಡುಕುವುದು ಮುಖ್ಯವಾಗಿ ಮೂರು ಸಂಗತಿ. ಒಂದು, ಅಂಚು. ನಿಧಾನವಾಗಿ ಬೆಳೆಯುವ ಸಾಧು ಗಡ್ಡೆಯ ಸುತ್ತ ಮೂಳೆ ಬೇಲಿ ಕಟ್ಟಿಕೊಳ್ಳಲು ಸಮಯ ಸಿಗುತ್ತದೆ, ಅಂಚು ಚೊಕ್ಕವಾಗಿ ಕಾಣುತ್ತದೆ. ಬೇಗ ಬೆಳೆಯುವ ಗಡ್ಡೆ ಆ ಸಮಯ ಕೊಡುವುದಿಲ್ಲ. ಸೂಜಿಮೊನೆಯಷ್ಟು ಚಿಕ್ಕ ತೂತುಗಳು ಮೂಳೆಯ ಉದ್ದಕ್ಕೂ ಚೆದುರಿರುತ್ತವೆ, ರೋಗ ಎಲ್ಲಿ ಮುಗಿಯಿತೆಂದು ಗೆರೆ ಎಳೆಯಲಾಗುವುದಿಲ್ಲ. ಎರಡು, ಮೂಳೆಯನ್ನು ಹೊದ್ದಿರುವ ಪೆರಿಯಾಸ್ಟಿಯಂ ಎಂಬ ತೆಳು ಪೊರೆ. ಗಡ್ಡೆ ಮೂಳೆಯನ್ನು ಕೊರೆದು ಹೊರಬಂದಾಗ ಈ ಪೊರೆ ಮೇಲೇಳುತ್ತದೆ, ಎದ್ದಲ್ಲೇ ಹೊಸ ಮೂಳೆಯ ತೆಳು ಪದರ ಹಾಕುತ್ತದೆ. ಗಡ್ಡೆ ಅದನ್ನೂ ದಾಟಿದರೆ ಮತ್ತೊಂದು ಪದರ. ಎಕ್ಸ್‌ರೇಯಲ್ಲಿ ಇವು ಒಂದರ ಮೇಲೊಂದು ಸಣ್ಣ ಗೆರೆಗಳಾಗಿ ಕಾಣುವುದರಿಂದ ಈ ಚಿಹ್ನೆಗೆ ಈರುಳ್ಳಿ ಸಿಪ್ಪೆ ಎಂಬ ಹೆಸರು ಬಂದಿದೆ. ಪೊರೆ ಎದ್ದ ಅಂಚಿನಲ್ಲಿ ಮೂಡುವ ತ್ರಿಕೋನಕ್ಕೆ ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಅವರ ಹೆಸರಿದೆ. ಮೂರು, ಮೂಳೆಯ ಹೊರಗೆ ಮಾಂಸದಲ್ಲಿ ಹರಡಿದ ನೆರಳು.

ಎಕ್ಸ್‌ರೇಗೆ ತನ್ನ ಮಿತಿಯೂ ಇದೆ. ಒಂದು ಜಾಗದ ಖನಿಜಾಂಶದಲ್ಲಿ 30ರಿಂದ 50 ಶೇಕಡಾ ಕರಗಿದ ಮೇಲಷ್ಟೇ ಆ ನಷ್ಟ ಕಣ್ಣಿಗೆ ಬೀಳುತ್ತದೆ. ಹಾಗಾಗಿ ‘ಎಕ್ಸ್‌ರೇ ನಾರ್ಮಲ್’ ಎಂಬ ಮಾತು ರೋಗಿಯ ನೋವನ್ನು ಸುಳ್ಳು ಮಾಡುವುದಿಲ್ಲ.

ಈರುಳ್ಳಿ ಸಿಪ್ಪೆ ಕಂಡ ಮಾತ್ರಕ್ಕೆ ಯೂಯಿಂಗ್ ಎನ್ನಲೂ ಆಗದು. ಮೂಳೆಗೆ ಸೋಂಕು ತಗುಲಿ ಕೀವಾಗುವ ಆಸ್ಟಿಯೊಮೈಲೈಟಿಸ್ ಕೂಡ ಇದೇ ಚಿತ್ರ ತೋರಬಲ್ಲದು. ಅದರಲ್ಲೂ ಜ್ವರ, ಅದರಲ್ಲೂ ಊತ, ಎರಡರಲ್ಲೂ ರಕ್ತಪರೀಕ್ಷೆಯ ಇಎಸ್‌ಆರ್ ಏರಿರುತ್ತದೆ. ನೆರಳು ಎರಡು ರೋಗಗಳಿಗೂ ಹೊಂದುವುದರಿಂದ ಮುಂದಿನ ಹೆಜ್ಜೆ ಅನಿವಾರ್ಯ.

ಎಂಆರ್‌ಐ

ಎಂಆರ್‌ಐ ಯಂತ್ರ ಎಕ್ಸ್‌ರೇಯಂಥ ವಿಕಿರಣ ಬಳಸುವುದಿಲ್ಲ. ಪ್ರಬಲ ಅಯಸ್ಕಾಂತದೊಳಗೆ ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಪರಮಾಣುಗಳನ್ನು ರೇಡಿಯೋ ತರಂಗದಿಂದ ಕದಲಿಸಿ, ಅವು ಮರಳಿ ನೆಲೆಗೊಳ್ಳುವಾಗ ಕೊಡುವ ಸಂಕೇತವನ್ನು ಚಿತ್ರವಾಗಿಸುತ್ತದೆ. ಹುಡುಗ ಅರ್ಧ ಗಂಟೆಗೂ ಹೆಚ್ಚು ಹೊತ್ತು ಅಲುಗಾಡದೆ ಮಲಗಬೇಕು. ಯಂತ್ರದ ತಂತಿಸುರುಳಿಗಳ ಬಡಿತದ ಸದ್ದಿಗೆ ಕಿವಿಗೆ ಮುಚ್ಚಳ ಕೊಡುತ್ತಾರೆ.

ಇಲ್ಲಿನ ಜಾಣ್ಮೆ ಒಂದೇ ಜಾಗವನ್ನು ಹಲವು ಬಗೆಯಲ್ಲಿ ಕೇಳುವುದರಲ್ಲಿದೆ. ಟಿ1 ಎಂಬ ಬಗೆಯ ಚಿತ್ರದಲ್ಲಿ ಕೊಬ್ಬು ಬಿಳಿಯಾಗಿ ಕಾಣುತ್ತದೆ. ಮೂಳೆಯ ಮಜ್ಜೆಯಲ್ಲಿ ಕೊಬ್ಬಿರುವುದರಿಂದ ಆರೋಗ್ಯವಂತ ಮೂಳೆಯ ಒಳಗು ಬೆಳ್ಳಗಿರುತ್ತದೆ, ಗಡ್ಡೆ ಇರುವಷ್ಟು ಉದ್ದ ಕಪ್ಪಾಗುತ್ತದೆ. ಕೊಬ್ಬಿನ ಸಂಕೇತವನ್ನು ಅಳಿಸುವ ಇನ್ನೊಂದು ಬಗೆಯಲ್ಲಿ ಗಡ್ಡೆಯೇ ಬೆಳಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ರೋಗದ ಮೇಲಿನ ತುದಿ, ಕೆಳಗಿನ ತುದಿ ಮಿಲಿಮೀಟರ್ ಲೆಕ್ಕದಲ್ಲಿ ಸಿಗುತ್ತವೆ. ಮೊಣಕಾಲಿನಿಂದ ಕಣಕಾಲಿನ ಗಂಟಿನವರೆಗೆ ಇಡೀ ಮೂಳೆಯನ್ನು ಚಿತ್ರಿಸುತ್ತಾರೆ. ಅದೇ ಮೂಳೆಯಲ್ಲಿ ದೂರದಲ್ಲೊಂದು ಬೇರೆ ಗಡ್ಡೆ ಕೂತಿರಬಹುದು, ಅದು ತಪ್ಪಿಹೋಗಬಾರದು. ಅಡ್ಡಕೊಯ್ತದ ಚಿತ್ರಗಳಲ್ಲಿ ನರ ಒಂದು ಸಣ್ಣ ಚುಕ್ಕೆ. ಚಿತ್ರದಿಂದ ಚಿತ್ರಕ್ಕೆ ಆ ಚುಕ್ಕೆಯನ್ನೇ ಹಿಂಬಾಲಿಸಿದರೆ ಅದು ಗಡ್ಡೆಯ ಮೇಲೆ ಚಪ್ಪಟೆಯಾಗಿ ಹರಡಿಕೊಂಡಿರುವುದು ಕಾಣುತ್ತದೆ. ಚಪ್ಪಲಿ ಯಾಕೆ ಕಳಚುತ್ತಿತ್ತು ಎಂಬುದು ಈಗ ಕಣ್ಣೆದುರಿಗಿದೆ.

ಎಂಆರ್‌ಐ ಆಗುವುದು ಸೂಜಿಗಿಂತ ಮೊದಲು. ಸೂಜಿ ಹಾಕಿದ ಮೇಲೆ ರಕ್ತ ಹರಡಿ ಗಡ್ಡೆಯ ನಿಜವಾದ ಅಂಚು ಮಸುಕಾಗುತ್ತದೆ.

ಸೂಜಿಯ ದಾರಿ

ಬಯಾಪ್ಸಿ ಅಂದರೆ ಗಡ್ಡೆಯ ಚೂರು ತೆಗೆಯುವುದು. ಹೊರನೋಟಕ್ಕೆ ಈ ಕ್ರಮದಲ್ಲಿ ಅತಿ ಸರಳ, ನಿಜದಲ್ಲಿ ಅತಿ ಎಚ್ಚರ ಬೇಡುವ ಹೆಜ್ಜೆ ಇದೇ. ಸೂಜಿ ಹಾದ ದಾರಿಯುದ್ದಕ್ಕೂ ಕ್ಯಾನ್ಸರ್ ಕೋಶಗಳು ಉಳಿದಿರಬಹುದು ಎಂದುಕೊಂಡೇ ಮುಂದಿನ ಶಸ್ತ್ರಕ್ರಿಯೆಯಲ್ಲಿ ಆ ದಾರಿಯನ್ನು ಗಡ್ಡೆಯ ಜೊತೆಗೇ ತೆಗೆಯಬೇಕಾಗುತ್ತದೆ. ಆದ್ದರಿಂದ ದಾರಿ ಆರಿಸಬೇಕಾದವರು ಕೊನೆಯ ಶಸ್ತ್ರಕ್ರಿಯೆ ಮಾಡುವ ವೈದ್ಯರು, ಅಥವಾ ಅವರನ್ನು ಕೇಳಿ ಮಾಡುವವರು. ಚರ್ಮವನ್ನು ಕೊಯ್ಯುವುದಿದ್ದರೆ ಕಾಲಿನ ಉದ್ದಕ್ಕೆ ಕೊಯ್ಯಬೇಕು, ಅಡ್ಡಕ್ಕಲ್ಲ. ಅಡ್ಡಗಾಯವನ್ನು ಪೂರ್ತಿ ತೆಗೆಯಲು ಬಹಳಷ್ಟು ಮಾಂಸ ಕಳೆದುಕೊಳ್ಳಬೇಕಾಗುತ್ತದೆ. ಫಿಬುಲಾದ ಹತ್ತಿರ ಇನ್ನೊಂದು ಕಟ್ಟುಪಾಡು: ನರ ಸಾಗುವ ಗೆರೆಯನ್ನು ಮೊದಲೇ ಚರ್ಮದ ಮೇಲೆ ಎಳೆದುಕೊಂಡು ಅದರಿಂದ ದೂರ ಉಳಿಯಬೇಕು.

ಈ ಎಚ್ಚರ ಅನುಭವದಿಂದ ಬಂದದ್ದು. 1982ರಲ್ಲಿ ಅಮೆರಿಕದ ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು 329 ರೋಗಿಗಳ ಬಯಾಪ್ಸಿಗಳನ್ನು ಪರಿಶೀಲಿಸಿ, 18.2 ಶೇಕಡಾ ಪ್ರಕರಣಗಳಲ್ಲಿ ರೋಗನಿರ್ಣಯ ದೊಡ್ಡ ಮಟ್ಟದಲ್ಲಿ ತಪ್ಪಿತ್ತೆಂದೂ, 4.5 ಶೇಕಡಾ ರೋಗಿಗಳು ಬಯಾಪ್ಸಿಯ ತೊಡಕಿನಿಂದಾಗಿ ಅನಗತ್ಯವಾಗಿ ಕಾಲೋ ಕೈಯೋ ಕಳೆದುಕೊಂಡರೆಂದೂ ಪ್ರಕಟಿಸಿದರು. 1996ರಲ್ಲಿ 597 ರೋಗಿಗಳೊಂದಿಗೆ ಮತ್ತೆ ನೋಡಿದಾಗಲೂ ಚಿತ್ರ ಹೆಚ್ಚೇನೂ ಬದಲಾಗಿರಲಿಲ್ಲ. ಬಯಾಪ್ಸಿಯನ್ನು ಚಿಕಿತ್ಸೆ ಕೊಡುವ ಕೇಂದ್ರದಲ್ಲೇ ಮಾಡಬೇಕೆಂಬ ನಿಯಮಕ್ಕೆ ಈ ಎರಡು ಅಧ್ಯಯನಗಳು ಬಲ ಕೊಟ್ಟವು.

ಅಲ್ಟ್ರಾಸೌಂಡ್ ಅಥವಾ ಸಿಟಿ ನೋಡುತ್ತಾ, ಮೂಳೆಯ ಹೊರಗೆ ಬಂದ ಮೆದು ಭಾಗಕ್ಕೆ ಟೊಳ್ಳು ಸೂಜಿ ಇಳಿಸುತ್ತಾರೆ. ಅಷ್ಟರಿಂದಲೇ ಚೂರು ಸಿಕ್ಕರೆ ಮೂಳೆ ಕೊರೆಯುವ ಅಗತ್ಯವಿಲ್ಲ. ಗಡ್ಡೆಯ ನಟ್ಟನಡುವೆ ಸತ್ತ ಕೋಶಗಳೇ ಹೆಚ್ಚಿರುವುದರಿಂದ ಅಂಚಿನ ಜೀವಂತ ಭಾಗವನ್ನು ಹುಡುಕುತ್ತಾರೆ. ಕಡ್ಡಿಯಷ್ಟು ಸಪೂರದ ಹಲವು ಚೂರುಗಳು ಬರುತ್ತವೆ. ಕೆಲವು ಫಾರ್ಮಲಿನ್ ದ್ರವಕ್ಕೆ, ಒಂದೆರಡು ಸೋಂಕಿನ ಪರೀಕ್ಷೆಗೆ. ಸೂಜಿಯಲ್ಲಿ ಕೀವಿನಂಥದ್ದು ಬಂದರೂ ಚೂರನ್ನು ರೋಗಶಾಸ್ತ್ರಕ್ಕೆ ಕಳಿಸಲೇಬೇಕು, ಯಾಕೆಂದರೆ ಸತ್ತ ಯೂಯಿಂಗ್ ಗಡ್ಡೆ ಕರಗಿ ಕೀವಿನಂತೆಯೇ ಕಾಣಬಹುದು.

ಪ್ರಯೋಗಾಲಯದಲ್ಲಿ

ಚೂರು ಫಾರ್ಮಲಿನ್‌ನಲ್ಲಿ ನೆನೆದು ಗಟ್ಟಿಯಾಗುತ್ತದೆ. ಮೂಳೆ ಸೇರಿದ ಚೂರಾದರೆ ಹಾಗೆಯೇ ಕತ್ತರಿಸಲಾಗದು, ಸುಣ್ಣದ ಅಂಶ ಕರಗಿಸಬೇಕು. ಬಲವಾದ ಆಮ್ಲ ಈ ಕೆಲಸವನ್ನು ಬೇಗ ಮುಗಿಸುತ್ತದೆ, ಆದರೆ ಕೋಶದೊಳಗಿನ ಡಿಎನ್‌ಎಯನ್ನೂ ಹಾಳುಮಾಡುತ್ತದೆ. ಇಡಿಟಿಎ ಎಂಬ ದ್ರಾವಣ ನಿಧಾನ, ಡಿಎನ್‌ಎ ಉಳಿಯುತ್ತದೆ. ಇದನ್ನು ಬಲ್ಲ ತಂತ್ರಜ್ಞರು ಮೆದು ಚೂರುಗಳನ್ನು ಮೊದಲೇ ಬೇರ್ಪಡಿಸಿ ಸುಣ್ಣ ತೆಗೆಯುವ ದ್ರವಕ್ಕೆ ಹಾಕದೆ ಕಾಪಾಡುತ್ತಾರೆ. ಮುಂದೆ ವಂಶವಾಹಿ ಪರೀಕ್ಷೆ ನಡೆಯುವುದು ಆ ಚೂರಿನ ಮೇಲೆ.

ನಂತರ ನೀರಿನಂಶ ತೆಗೆದು ಬಿಸಿ ಪ್ಯಾರಾಫಿನ್ ಮೇಣ ತುಂಬಿಸುತ್ತಾರೆ. ತಣಿದಾಗ ಚೂರು ಮೇಣದ ಪುಟ್ಟ ಬಿಲ್ಲೆಯೊಳಗೆ ಹುದುಗಿರುತ್ತದೆ. ಇದಕ್ಕೆ ಬ್ಲಾಕ್ ಎನ್ನುತ್ತಾರೆ. ಮೈಕ್ರೋಟೋಮ್ ಎಂಬ ಯಂತ್ರದ ಅಲಗು ಅದರಿಂದ 3ರಿಂದ 5 ಮೈಕ್ರಾನ್ ದಪ್ಪದ ಪದರ ಸವರಿ ತೆಗೆಯುತ್ತದೆ. ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್. ತಂತ್ರಜ್ಞರು ಹಿಡಿಯನ್ನು ಒಂದೇ ಲಯದಲ್ಲಿ ತಿರುಗಿಸುತ್ತಾ, ಒಂದಕ್ಕೊಂದು ಅಂಟಿಕೊಂಡು ಹೊರಬರುವ ಪದರಗಳ ಪಟ್ಟಿಯನ್ನು ಕುಂಚದ ತುದಿಯಿಂದ ಹಿಡಿದು ಬೆಚ್ಚಗಿನ ನೀರಿನ ಮೇಲೆ ಬಿಡುತ್ತಾರೆ. ಸುಕ್ಕು ಬಿಡಿಸಿಕೊಂಡ ಪದರದ ಅಡಿಗೆ ಗಾಜಿನ ಸ್ಲೈಡ್ ತೂರಿಸಿ ಮೇಲೆತ್ತುತ್ತಾರೆ. ಉಸಿರು ಜೋರಾಗಿ ಬಿಟ್ಟರೂ ಪದರ ಮಡಚಿಕೊಳ್ಳುತ್ತದೆ.

ಬಣ್ಣವಿಲ್ಲದ ಆ ಪದರಕ್ಕೆ ಎರಡು ಬಣ್ಣ. ಮಧ್ಯ ಅಮೆರಿಕದ ಒಂದು ಮರದ ಕೆಚ್ಚಿನಿಂದ ಬರುವ ಹೆಮಟಾಕ್ಸಿಲಿನ್ ಕೋಶದ ಬೀಜಕ್ಕೆ ನೀಲಿ ಹಿಡಿಸುತ್ತದೆ, ಇಯೋಸಿನ್ ಉಳಿದ ಭಾಗಕ್ಕೆ ಗುಲಾಬಿ. ಸೂಕ್ಷ್ಮದರ್ಶಕದಡಿ ಯೂಯಿಂಗ್ ಕಾಣುವುದು ಹೀಗೆ: ಒಂದೇ ಅಳತೆಯ ಸಣ್ಣ ದುಂಡು ಕೋಶಗಳು ಒತ್ತೊತ್ತಾಗಿ, ಬೀಜವೇ ಕೋಶವನ್ನೆಲ್ಲ ತುಂಬಿರುವುದರಿಂದ ಇಡೀ ನೋಟ ನೀಲಿ. ಕಷ್ಟವೆಂದರೆ ಬೇರೆ ಕ್ಯಾನ್ಸರ್‌ಗಳಾದ ಕೆಲವು ಲಿಂಫೋಮಾಗಳು, ನ್ಯೂರೋಬ್ಲಾಸ್ಟೋಮಾ, ಸ್ನಾಯುವಿನ ರ‍್ಯಾಬ್ಡೊಮಯೋಸಾರ್ಕೋಮಾ ಕೂಡ ಇದೇ ಮುಖ ಹೊತ್ತಿರುತ್ತವೆ. ಚಿಕಿತ್ಸೆ ಒಂದೊಂದಕ್ಕೂ ಬೇರೆ.

ನ್ಯೂಯಾರ್ಕಿನ ರೋಗಶಾಸ್ತ್ರಜ್ಞ ಜೇಮ್ಸ್ ಯೂಯಿಂಗ್ 1921ರಲ್ಲಿ ಈ ಗಡ್ಡೆಯನ್ನು ಬೇರೆ ರೋಗವೆಂದು ವಿವರಿಸಿದಾಗ ಅವರ ಕೈಯಲ್ಲಿದ್ದದ್ದು ಇಂಥ ಸ್ಲೈಡುಗಳು, ಎಕ್ಸ್‌ರೇ, ಮತ್ತು ವಿಕಿರಣಕ್ಕೆ ಈ ಗಡ್ಡೆ ಬೇಗ ಕುಗ್ಗುತ್ತದೆ ಎಂಬ ಗಮನಿಕೆ ಮಾತ್ರ. ಇದು ರಕ್ತನಾಳಗಳ ಒಳಪದರದಿಂದ ಹುಟ್ಟುತ್ತದೆ ಎಂಬ ಅವರ ಊಹೆಯನ್ನು ಇಂದು ಯಾರೂ ಒಪ್ಪುವುದಿಲ್ಲ. ಬೇರೆ ರೋಗ ಎಂದ ಮಾತು ಮಾತ್ರ ನಿಂತಿತು.

ಇಂದು ಹೋಲುವ ಮುಖಗಳನ್ನು ಬೇರ್ಪಡಿಸಲು ಇಮ್ಯುನೊ ಬಣ್ಣಗಾರಿಕೆ ಇದೆ. ಒಂದು ನಿರ್ದಿಷ್ಟ ಪ್ರೋಟೀನಿಗಷ್ಟೇ ಅಂಟುವ ಪ್ರತಿಕಾಯವನ್ನು ಪದರದ ಮೇಲೆ ಬಿಟ್ಟು, ಅಂಟಿದ ಕಡೆ ಕಂದು ಬಣ್ಣ ಏಳುವಂತೆ ಮಾಡುತ್ತಾರೆ. ಸಿಡಿ99 ಎಂಬ ಪ್ರೋಟೀನನ್ನು ಹುಡುಕಿದಾಗ ಯೂಯಿಂಗ್‌ನ ಪ್ರತಿ ಕೋಶದ ಸುತ್ತ ಅಚ್ಚುಕಟ್ಟಾದ ಕಂದು ಉಂಗುರ ಮೂಡುತ್ತದೆ. ಆದರೆ ಕೆಲವು ಲಿಂಫೋಮಾಗಳಲ್ಲೂ ಆ ಉಂಗುರ ಬರುವುದರಿಂದ ಲಿಂಫೋಮಾದ ಗುರುತು, ಸ್ನಾಯುವಿನ ಗುರುತು ಎಲ್ಲವನ್ನೂ ಹುಡುಕಿ ಅವು ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ.

ಕೊನೆಯದು ವಂಶವಾಹಿ. ಈ ರೋಗದ ಹೆಚ್ಚಿನ ಪ್ರಕರಣಗಳಲ್ಲಿ 11 ಮತ್ತು 22ನೇ ವರ್ಣತಂತುಗಳು ತುಂಡಾಗಿ ತುದಿಗಳನ್ನು ಅದಲುಬದಲು ಮಾಡಿಕೊಂಡಿರುತ್ತವೆ. ಅದರಿಂದ ಇಡಬ್ಲ್ಯುಎಸ್ಆರ್1 ಮತ್ತು ಎಫ್ಎಲ್ಐ1 ಎಂಬ ಎರಡು ವಂಶವಾಹಿಗಳು ಬೆಸೆದು ಹೊಸದೊಂದು ಹುಟ್ಟುತ್ತದೆ. ಸುಮಾರು 85 ಶೇಕಡಾ ರೋಗಿಗಳಲ್ಲಿ ಸಿಗುವುದು ಇದೇ ಬೆಸುಗೆ. ಇದನ್ನು ನೋಡಲು ಫಿಶ್ ಎಂಬ ವಿಧಾನವಿದೆ. ಇಡಬ್ಲ್ಯುಎಸ್ಆರ್1 ವಂಶವಾಹಿಯ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ಹಸಿರು ಹೊಳೆಯುವ ತುಣುಕು ಅಂಟಿಸುತ್ತಾರೆ. ವಂಶವಾಹಿ ಅಖಂಡವಾಗಿದ್ದರೆ ಎರಡೂ ಬಣ್ಣ ಒಂದೇ ಕಡೆ ಸೇರಿ ಹಳದಿಯಾಗಿ ಕಾಣುತ್ತವೆ. ತುಂಡಾಗಿದ್ದರೆ ಕೆಂಪು ಒಂದು ಕಡೆ, ಹಸಿರು ಇನ್ನೊಂದು ಕಡೆ. ತೆಳು ಪದರದಲ್ಲಿ ಕೋಶಗಳೂ ಅರೆಬರೆ ಕತ್ತರಿಸಿರುವುದರಿಂದ ಒಂದೆರಡು ಕೋಶಗಳನ್ನು ನಂಬುವಂತಿಲ್ಲ. ಕತ್ತಲೆ ಕೋಣೆಯಲ್ಲಿ ಕೂತು ಕೋಶದಿಂದ ಕೋಶಕ್ಕೆ ಚುಕ್ಕೆಗಳನ್ನು ಎಣಿಸಬೇಕು. ಬೇರೆ ಕೆಲವು ಗಡ್ಡೆಗಳಲ್ಲೂ ಈ ವಂಶವಾಹಿ ತುಂಡಾಗುವುದುಂಟು, ಹಾಗಾಗಿ ಈ ಉತ್ತರವನ್ನೂ ಸ್ಲೈಡಿನ ನೋಟದ ಪಕ್ಕದಲ್ಲಿಟ್ಟೇ ಓದಬೇಕು.

ಒಂದೇ ಮೇಜಿನ ಸುತ್ತ

ಈ ನಡುವೆ ಎದೆಯ ಸಿಟಿ, ಪೆಟ್ ಸ್ಕ್ಯಾನ್‌ಗಳಿಂದ ರೋಗ ಶ್ವಾಸಕೋಶಕ್ಕೋ ಬೇರೆ ಮೂಳೆಗೋ ಹರಡಿದೆಯೇ ಎಂದು ನೋಡಿರುತ್ತಾರೆ. ರೋಗ ಪತ್ತೆಯಾದಾಗ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಅದು ಹರಡಿರುತ್ತದೆ. ಬೆಂಗಳೂರಿನ ಕಿದ್ವಾಯಿ, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಂಥ ಕೇಂದ್ರಗಳಲ್ಲಿ ಶಸ್ತ್ರವೈದ್ಯರು, ಚಿತ್ರ ಓದುವವರು, ಸ್ಲೈಡ್ ಓದುವವರು, ಕೀಮೋ ಮತ್ತು ವಿಕಿರಣ ತಜ್ಞರು ಒಟ್ಟಿಗೆ ಕೂರುತ್ತಾರೆ. ಸ್ಲೈಡ್ ಯೂಯಿಂಗ್ ಎಂದು ಹೇಳಿ, ಎಕ್ಸ್‌ರೇ ಬೇರೆಯೇ ಹೇಳಿದರೆ ಯಾರೂ ಮುಂದಕ್ಕೆ ಹೋಗುವುದಿಲ್ಲ. ಚೂರು ಸರಿಯಾದ ಜಾಗದಿಂದ ಬಂದಿದೆಯೇ ಎಂಬಲ್ಲಿಂದ ಮತ್ತೆ ಶುರು. ಎಲ್ಲವೂ ಹೊಂದಿದ ಮೇಲೆ ವರದಿಯಲ್ಲಿ ಒಂದು ಸಾಲು ಬೀಳುತ್ತದೆ: ಯೂಯಿಂಗ್ ಸಾರ್ಕೋಮಾ, ಬಲ ಫಿಬುಲಾದ ಮೇಲ್ತುದಿ.

ಆ ಸಾಲಿನಿಂದ ಚಿಕಿತ್ಸೆಯ ಕ್ರಮ ತೆರೆದುಕೊಳ್ಳುತ್ತದೆ. ಮೊದಲು ತಿಂಗಳುಗಟ್ಟಲೆ ಕೀಮೋ, ಆಮೇಲೆ ಶಸ್ತ್ರಕ್ರಿಯೆ ಅಥವಾ ವಿಕಿರಣ, ಮತ್ತೆ ಕೀಮೋ. ಕೀಮೋ ಬರುವ ಮುಂಚೆ ಈ ರೋಗದಲ್ಲಿ ಹತ್ತರಲ್ಲಿ ಒಬ್ಬರು ಉಳಿಯುವುದೂ ಕಷ್ಟವಿತ್ತು. ಈಗ ಹರಡದೆ ಸಿಕ್ಕ ರೋಗದಲ್ಲಿ ಸುಮಾರು 70 ಶೇಕಡಾ ಮಂದಿ ಐದು ವರ್ಷ ದಾಟುತ್ತಾರೆ. ನರವನ್ನು ಉಳಿಸಲಾಗದಿದ್ದರೂ ಪಾದ ಎತ್ತಿ ಹಿಡಿಯುವ ಪಟ್ಟಿ, ಅಥವಾ ಗಟ್ಟಿಯಾಗಿ ಉಳಿದ ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುವಿನ ರಜ್ಜುವನ್ನು ಮುಂದಕ್ಕೆ ತಂದು ಹೊಲಿಯುವ ಶಸ್ತ್ರಕ್ರಿಯೆ ನಡಿಗೆಗೆ ನೆರವಾಗುತ್ತದೆ. ಕುಷ್ಠದಿಂದ ಜೋತ ಪಾದಗಳಿಗೆ ಈ ದೇಶದಲ್ಲಿ ಬಹಳ ಕಾಲದಿಂದ ಮಾಡುತ್ತಾ ಬಂದಿರುವ ಶಸ್ತ್ರಕ್ರಿಯೆಯಿದು.

ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ಮನೆಯವರು ವರದಿಯ ಕಾಗದದ ಜೊತೆ ಎಂಆರ್‌ಐ ಸಿಡಿ, ಸ್ಲೈಡುಗಳು, ಮೇಣದ ಬ್ಲಾಕ್ ಕೂಡ ಕೇಳಿ ಪಡೆಯಬೇಕು. ಹೊಸ ಕೇಂದ್ರದ ರೋಗಶಾಸ್ತ್ರಜ್ಞರು ಕಾಗದವನ್ನು ಓದಿ ಸುಮ್ಮನಾಗುವುದಿಲ್ಲ, ಸ್ಲೈಡನ್ನು ತಾವೇ ನೋಡುತ್ತಾರೆ, ಬೇಕಾದರೆ ಬ್ಲಾಕಿನಿಂದ ಹೊಸ ಪದರ ತೆಗೆಸುತ್ತಾರೆ. ಬ್ಲಾಕ್ ವರ್ಷಗಟ್ಟಲೆ ಕೆಡುವುದಿಲ್ಲ. ಇವತ್ತಿನ ತೀರ್ಮಾನವನ್ನು ನಾಳೆ ಮತ್ತೊಬ್ಬರು ಮೊದಲಿನಿಂದ ಪರೀಕ್ಷಿಸಬಹುದು, ಇನ್ನೂ ಬಾರದ ಪರೀಕ್ಷೆಗಳಿಗೂ ಅದನ್ನು ಒಡ್ಡಬಹುದು. ಹಾಗೆ ಮರುಪರೀಕ್ಷೆಗೆ ಸಿಗುವಂತೆ ಪ್ರತಿ ಹೆಜ್ಜೆಯ ಸಾಕ್ಷ್ಯವನ್ನು ಉಳಿಸಿಡುವುದೂ ರೋಗನಿರ್ಣಯದ ಕೆಲಸದ ಭಾಗವೇ.